ಗುಂಡಮ್ಮನ ಸ್ವೆಟರ್

ಕಟಿಂಗ್ ಮಾಸ್ಟರ್ ಕೈಗೆ ಒಂದು ತುಂಡು ಬಟ್ಟೆ ಸಿಕ್ಕರೆ ಮುಗಿಯಿತು, ಉಳಿದದ್ದೆಲ್ಲ ಅವನಿಗೆ ಮರೆತುಹೋಗುತ್ತಿತ್ತು. ಎರಡು ಬೆರಳ ನಡುವೆ ಹಿಡಿದು ಉಜ್ಜುವುದು, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಎಳೆದು ನೋಡುವುದು, ಕಿಟಕಿಯ ಬೆಳಕಿಗೆ ಹಿಡಿಯುವುದು. ಯಾರ ಮನೆಗೆ ಹೋದರೂ ಮನೆಯವರ ಮುಖಕ್ಕಿಂತ ಮೊದಲು ಅವರ ಪರದೆ ನೋಡುವವರ ಪೈಕಿ ಅವನು. ಬನಿಯನ್ನು, ಟೀ ಶರ್ಟು ತಯಾರಾಗುವ ಕಾರ್ಖಾನೆಯಲ್ಲಿ ಕತ್ತರಿ ಹಿಡಿದೂ ಹಿಡಿದೂ ಅವನ ಹೆಬ್ಬೆರಳಿನ ಬುಡ ಕಲ್ಲಿನಂತಾಗಿತ್ತು. ಕೋಪವಂತೂ ಮೂಗಿನ ತುದಿಯಲ್ಲೇ. ಆದರೆ ಯಾರ ಮೇಲೂ ಕೈ ಮಾಡಿದವನಲ್ಲ. ಇದನ್ನು ಅವನೇ ಹೋದಲ್ಲಿ ಬಂದಲ್ಲಿ ಹೇಳಿಕೊಳ್ಳುತ್ತಿದ್ದ, ಅದಕ್ಕಾಗಿ ಯಾರೋ ಪದಕ ಕೊಟ್ಟಿದ್ದಾರೆ ಎಂಬಂತೆ.

ಕೈ ಮಾಡಿರಲಿಲ್ಲ, ನಿಜ. ಮಾಡಿದ್ದು ಬೇರೆ. ಒಂದು ಸಂಜೆ ಹೆಂಡತಿಯ ಜೊತೆ ಮಾತಿಗೆ ಮಾತು ಬೆಳೆಯಿತು. ಅವಳು ಸಾಕಾಯ್ತು ಎಂದು ಮಂಚದ ಮೇಲೆ ತನ್ನ ಬಟ್ಟೆ ಜೋಡಿಸತೊಡಗಿದಳು. ಎಲ್ಲಕ್ಕಿಂತ ಮೇಲಿತ್ತು ಅವಳ ಸ್ವೆಟರ್, ಅರಿಸಿನ ಬಣ್ಣದ್ದು, ತೋಳಿನ ತುದಿಯಲ್ಲಿ ಹಸಿರು ಪಟ್ಟೆ. ಇವನು ಅದನ್ನು ಎಳೆದುಕೊಂಡು ಕತ್ತರಿ ಹಾಕಿದ. ಎರಡು ತೋಳು, ಮುಂಭಾಗ, ಬೆನ್ನು. ಕೋಪದಲ್ಲೂ ಕೈ ಓರೆಯಾಗಲಿಲ್ಲ. ಕಾರ್ಖಾನೆಯ ಮೇಜಿನ ಮೇಲೆ ಕತ್ತರಿಸುವಷ್ಟೇ ನೇರವಾಗಿ ಕತ್ತರಿಸಿದ. ತಲೆಯೆತ್ತಿದಾಗ ಬಾಗಿಲಲ್ಲಿ ಮಗಳು ಗೊಂಬೆ ಅವಚಿಕೊಂಡು ನಿಂತಿದ್ದಳು. ಹೆಂಡತಿ ಮಗುವನ್ನು ಎತ್ತಿಕೊಂಡು ತಾಯಿಯ ಮನೆಗೆ ಹೋದಳು, ಮತ್ತೆ ಬರಲಿಲ್ಲ.

ಮಗಳನ್ನು ನೋಡದೆ ಹೆಚ್ಚುಕಡಿಮೆ ಒಂದು ವರ್ಷವಾಗಿತ್ತು. ಕೊನೆಗೆ ಕೋರ್ಟು ಒಂದು ದಾರಿ ಬಿಟ್ಟಿತು. ಒಂದು ರಜೆಯ ದಿನ ಮಗಳನ್ನು ನೋಡಬಹುದು, ಅದೂ ಅವರು ಹೇಳಿದ ಕೋಣೆಯಲ್ಲಿ, ಇಂಥ ಭೇಟಿಗಳನ್ನು ನೋಡಿಕೊಳ್ಳುವ ಮೇಡಂ ಒಬ್ಬರ ಕಣ್ಣೆದುರಿಗೆ. ಕೊನೆಯಲ್ಲಿ ಆ ಮೇಡಂ ಮಗುವನ್ನೇ ಕೇಳುತ್ತಾರೆ, ಮತ್ತೆ ಬರ್ತೀಯಾ ಅಂತ. ಬರ್ತೀನಿ ಎಂದರೆ ವಾರವಾರವೂ ಭೇಟಿ. ಒಲ್ಲೆ ಎಂದರೆ ಅಲ್ಲಿಗೆ ಮುಗಿಯಿತು, ಮತ್ತೆ ಯಾವಾಗಲೋ, ದೇವರೇ ಬಲ್ಲ. ಏಳು ವರ್ಷದ ಹುಡುಗಿಯ ಬಾಯಿಂದ ಬರುವ ಒಂದು ಮಾತಿಗಾಗಿ ಆ ಗಂಡಸು ಊಟ ನಿದ್ದೆ ಬಿಟ್ಟು ಕಾದ.

ಬರಿಗೈಯಲ್ಲಿ ಹೋಗುವುದು ಹೇಗೆ? ಅವನಿಗೆ ಬರುತ್ತಿದ್ದುದು ಒಂದೇ ವಿದ್ಯೆ. ಮಗಳ ಗೊಂಬೆಯನ್ನು ಹಿಂದೆ ಕೊಡಿಸಿದವನು ಅವನೇ. ಚೆಂಡಿನಂಥ ತಲೆ ನೋಡಿ ಗುಂಡಮ್ಮ ಎಂದು ಹೆಸರಿಟ್ಟವನೂ ಅವನೇ. ಗುಂಡಮ್ಮನ ಅಳತೆ ಅವನ ಕೈಗೆ ಇನ್ನೂ ನೆನಪಿತ್ತು. ಅವಳಿಗೊಂದು ಜೊತೆ ಬಟ್ಟೆ ಹೊಲಿಯೋಣ ಎಂದು ಮನೆಯಲ್ಲಿದ್ದ ಹಳೇ ಉಡುಪನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತ.

ಹೆಣೆದ ಬಟ್ಟೆಯ ಸ್ವಭಾವವೇ ಬೇರೆ. ಕತ್ತರಿಸಿದ ಕೂಡಲೇ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ, ಒಂದು ಎಳೆ ಜಾರಿದರೆ ಸಾಲು ಸಾಲೇ ಬಿಚ್ಚಿಕೊಳ್ಳುತ್ತದೆ. ಹಳೇ ಉಡುಪಿನಲ್ಲಿ ಆಗಲೇ ಮಡಿಸಿ ಹೊಲಿದ ಅಂಚು ಇರುತ್ತದಲ್ಲ, ಅದನ್ನು ಹಾಗೇ ಉಳಿಸಿಕೊಂಡು ಕತ್ತರಿಸುವುದರಲ್ಲೇ ಜಾಣತನ. ಅವನ ಸಾಕ್ಸಿನ ಬಿಗಿಯಾದ ಮೇಲ್ತುದಿ ಗುಂಡಮ್ಮನ ಟೋಪಿಗೆ ಅಂಚಾಯಿತು. ಹಿಮ್ಮಡಿಯ ಉಬ್ಬು ಅವಳ ಚಡ್ಡಿಯ ಹಿಂಭಾಗಕ್ಕೆ ಹೇಳಿ ಮಾಡಿಸಿದಂತೆ ಕೂತಿತು. ಬನಿಯನ್ನು ಒಳಂಗಿಯಾಯಿತು, ಮಾಸಿದ ನೀಲಿ ಟೀ ಶರ್ಟು ಫ್ರಾಕು. ಕತ್ತಿನ ಹಿಂದೆ ಎರಡು ಪುಟ್ಟ ಟಿಚ್ ಬಟನ್ನು, ಅಷ್ಟು ದೊಡ್ಡ ತಲೆ ತೂರಬೇಕಲ್ಲ! ಹೊಲಿಯುವಾಗ ಆ ಮನುಷ್ಯ ತನ್ನಷ್ಟಕ್ಕೆ ತಾನೇ ನಗುತ್ತಿದ್ದ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಗುಂಡಮ್ಮನಿಗೊಂದು ಬೆಚ್ಚಗಿನದು ಬೇಕು ಅನ್ನಿಸಿತು. ಕಪಾಟಿನ ಕೆಳಗಿನ ಖಾನೆಗೆ ಕೈ ಹಾಕಿದ. ಅಲ್ಲಿ ಆ ಸ್ವೆಟರಿನ ತುಂಡುಗಳು ಮಡಿಸಿದಂತೆಯೇ ಇದ್ದವು. ಬಟ್ಟೆ ಎಸೆಯುವುದು ಅವನಿಂದ ಆಗುವ ಕೆಲಸವಲ್ಲ. ತೆಗೆದು ಉಜ್ಜಿ ನೋಡಿದ, ಎಳೆದು ನೋಡಿದ. ಎಂಥ ಮೆತ್ತನೆ ಉಲ್ಲನ್ನು! ತೋಳಿನ ತುದಿ ಗುಂಡಮ್ಮನ ಕತ್ತಿಗೆ ಸರಿಯಾದ ಅಗಲ, ಹಸಿರು ಪಟ್ಟೆ ಕಾಲರಿನ ಜಾಗಕ್ಕೇ ಬರುತ್ತದೆ. ಅಷ್ಟು ಕಂಡದ್ದೇ ತಡ, ಅದು ಯಾರದ್ದು, ಯಾಕೆ ತುಂಡಾಯಿತು ಎಂಬುದೆಲ್ಲ ಅವನ ತಲೆಯಿಂದ ಇಳಿದುಹೋಯಿತು. ಅಥವಾ ಪೂರ್ತಿ ಇಳಿಯಲಿಲ್ಲವೋ ಏನೋ. ಹಾಳು ಮಾಡಿದ್ದನ್ನು ತಾನೇ ಸರಿ ಮಾಡುತ್ತಿದ್ದೇನೆ ಎಂಬ ಸಮಾಧಾನವೂ ಒಳಗೆಲ್ಲೋ ಇತ್ತು. ಸ್ವೆಟರ್ ಮುಗಿದಾಗ ಅವನಿಗೇ ಹೆಮ್ಮೆಯಾಯಿತು. ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದದ್ದನ್ನು ಅವನು ಹೊಲಿದಿರಲಿಲ್ಲ.

ಮರುದಿನ ಅದನ್ನು ಕಾರ್ಖಾನೆಗೆ ಒಯ್ದು ಚೆಕಿಂಗ್ ಅಕ್ಕನ ಮುಂದಿಟ್ಟ. ತಯಾರಾದ ಬಟ್ಟೆಯಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಆ ಚಾಳಿ ಈಗೀಗ ಮನುಷ್ಯರ ಮೇಲೂ ತಿರುಗಿತ್ತು.

"ಅಬ್ಬಬ್ಬಾ," ಎಂದಳು ಅಕ್ಕ, ತಿರುಗಿಸಿ ಮುರುಗಿಸಿ ನೋಡಿ. "ಇದ್ರಲ್ಲಿ ನಾನೂ ತಪ್ಪು ಹುಡುಕೋಕಾಗಲ್ಲ. ಎಲ್ಲಿ ಸಿಕ್ತೋ ಇಷ್ಟು ಒಳ್ಳೆ ಉಲ್ಲನ್ನು?"

"ನನ್ನ ಹೆಂಡತೀದು ಅಕ್ಕ. ಅವತ್ತು ಕತ್ತರಿಸಿದ್ನಲ್ಲ, ಅದು."

ಅಕ್ಕ ಸ್ವೆಟರನ್ನು ಬೆರಳು ಸುಟ್ಟವಳಂತೆ ಮೇಜಿನ ಮೇಲೆ ಬಿಟ್ಟಳು. "ನಿನ್ನ ತಲೆ ನೆಟ್ಟಗಿದ್ಯಾ? ಇದನ್ನ ತಗೊಂಡು ಹೋಗಿ ಆ ಮಗೂಗೆ ಕೊಡ್ತೀಯಾ?"

"ಯಾಕೆ? ಹಾಳು ಮಾಡಿದ್ದನ್ನ ಸರಿ ಮಾಡಿದ್ದೀನಲ್ಲ?"

"ಸರಿ ಮಾಡಿದ್ಯಾ? ನಿನ್ನ ಹೆಂಡ್ತಿ ಮೈಗೆ ಬರತ್ತೇನೋ ಇದು?"

ಅವನಿಗೆ ಸಿಟ್ಟು ಬಂತು. ಸ್ವೆಟರ್ ಎತ್ತಿಕೊಂಡು ಹೊರಟುಹೋದ. ಆದರೆ ಆ ಮಾತು ಕಿವಿಯೊಳಗೆ ಹೊಕ್ಕ ನೀರಿನಂತೆ ಉಳಿದುಬಿಟ್ಟಿತು. ಭೇಟಿಯ ದಿನ ಬೆಳಿಗ್ಗೆ ಚೀಲದಿಂದ ಸ್ವೆಟರ್ ತೆಗೆದಿಟ್ಟ, ಮತ್ತೆ ಹಾಕಿದ, ಮತ್ತೆ ತೆಗೆದ. ಮಗು ಎಲ್ಲಿ ಗುರುತು ಹಿಡಿಯುತ್ತೆ, ಚಿಕ್ಕದು ಎಂದುಕೊಂಡ. ಎಲ್ಲಕ್ಕಿಂತ ಚೆನ್ನಾಗಿ ಬಂದಿರುವುದನ್ನೇ ಬಿಟ್ಟುಹೋಗಲು ಅವನಿಗೆ ಮನಸ್ಸು ಬರಲಿಲ್ಲ. ಕೊನೆಗೆ ಚೀಲದ ತಳದಲ್ಲಿಟ್ಟು ಅದರ ಮೇಲೆ ಉಳಿದದ್ದನ್ನು ಜೋಡಿಸಿದ. ಕೊಡುವುದಿಲ್ಲ, ಸುಮ್ಮನೆ ಇರಲಿ ಎಂದು ತನಗೇ ಸುಳ್ಳು ಹೇಳಿಕೊಂಡ.

ಭೇಟಿಯ ಕೋಣೆಯಲ್ಲಿ ಫಿನಾಯಿಲ್ ವಾಸನೆ. ಗೋಡೆಯ ಮೇಲೆ ಬಾತುಕೋಳಿಗಳ ಚಿತ್ರ, ಒಂದರ ಕೊಕ್ಕು ಸುಣ್ಣದ ಜೊತೆ ಉದುರಿಹೋಗಿತ್ತು. ಮೇಡಂ ಗಟ್ಟಿ ಮುಖದ, ಮೆತ್ತನೆ ದನಿಯ ಹೆಂಗಸು. ಚೀಲ ಬಿಚ್ಚಿಸಿ ಒಂದೊಂದೇ ಬಟ್ಟೆ ಎತ್ತಿ ನೋಡಿ ವಾಪಸಿಟ್ಟರು. ಆಮೇಲೆ ಅವರ ಕಣ್ಣು ಅವನ ಅಂಗಿಯ ಜೇಬಿನ ಮೇಲೆ ನಿಂತಿತು.

"ಅದೇನು?"

ಅವನು ಮುಟ್ಟಿ ನೋಡಿಕೊಂಡ. ನೂಲು ಕತ್ತರಿಸುವ ಪುಟ್ಟ ಕತ್ತರಿ. ಪೆನ್ನು ಮರೆತರೂ ಅದನ್ನು ಮರೆತು ಮನೆ ಬಿಟ್ಟವನಲ್ಲ.

"ಅಭ್ಯಾಸ ಮೇಡಂ. ಕೆಲಸದ್ದು. ಗೊತ್ತಾಗ್ಲೇ ಇಲ್ಲ."

ಮೇಡಂ ಕೈ ಚಾಚಿದರು. ಅದನ್ನು ಮೇಜಿನ ಡ್ರಾಯರಿಗೆ ಹಾಕಿ ಬೀಗ ಹಾಕಿದರು. ಬೈದಿದ್ದರೇ ಅವನಿಗೆ ಹಗುರವಾಗುತ್ತಿತ್ತು.

ಬಾಗಿಲಿನ ಗಾಜಿನಾಚೆ ಬೆಂಚಿನ ಮೇಲೆ ಕೂತ ಹೆಂಡತಿಯ ಭುಜ ಮಾತ್ರ ಕಾಣುತ್ತಿತ್ತು. ಮಗಳು ಒಬ್ಬಳೇ ಒಳಗೆ ಬಂದಳು. ಎಷ್ಟು ಉದ್ದವಾಗಿದ್ದಾಳೆ! ಮುಂದಿನ ಎರಡು ಹಲ್ಲು ಬಿದ್ದಿವೆ, ಅದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಗುಂಡಮ್ಮನ ಮುಖವನ್ನು ತನ್ನ ಎದೆಗೆ ಒತ್ತಿಕೊಂಡಿದ್ದಳು. ಮೇಜಿನ ಆಚೆಬದಿಯ ಕುರ್ಚಿಯ ತುದಿಯಲ್ಲಿ ಕೂತಳು. ಇವನು ಮಕ್ಕಳ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತಿದ್ದ. ಆಡಬೇಕೆಂದು ಬಾಯಿಪಾಠ ಮಾಡಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

"ಗುಂಡಮ್ಮಂಗೆ ಬಟ್ಟೆ ತಂದಿದ್ದೀನಿ," ಎಂದ ಕೊನೆಗೆ.

ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ, ನಡುವಿನವರೆಗೆ ದೂಡಿದ, ಕೈ ಹಿಂದಕ್ಕೆ ತಗೊಂಡ. ಮಗಳು ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಬೆರಳಿನಿಂದ ತನ್ನ ಕಡೆ ಎಳೆದುಕೊಂಡಳು. ಗುಂಡಮ್ಮನ ತಲೆಗೆ ಹಾಕಿದಳು. ಸರಿಯಾಗಿ ಕೂತಿತು.

ಚಡ್ಡಿ ಹೋಯಿತು, ಒಳಂಗಿ ಹೋಯಿತು. ಫ್ರಾಕಿನ ಟಿಚ್ ಬಟನ್ನು ಒತ್ತುವಾಗ ಮಗಳ ನಾಲಿಗೆ ಬಿದ್ದ ಹಲ್ಲಿನ ಜಾಗದಿಂದ ಹೊರಗೆ ಇಣುಕಿತು. ಆಮೇಲೆ ಟೋಪಿಯನ್ನು ಮತ್ತೆ ತೆಗೆದು ಮೂಸಿ ನೋಡಿದಳು.

"ಅಪ್ಪಾ, ಇದು ನಿನ್ನ ಸಾಕ್ಸು!"

"ಒಗೆದಿದ್ದೀನಮ್ಮಾ."

"ಗುಂಡಮ್ಮ ತಲೆ ಮೇಲೆ ಸಾಕ್ಸ್ ಹಾಕ್ಕೊಂಡಿದ್ದಾಳೆ!" ಮಗಳು ಕಿಸಕ್ಕನೆ ನಕ್ಕಳು. ಮೂಲೆಯಲ್ಲಿದ್ದ ಮೇಡಂ ಕೂಡ ತುಟಿಯಂಚಿನಲ್ಲೇ ನಕ್ಕರು. ಅವನ ಎದೆಯ ಮೇಲಿದ್ದ ಬಂಡೆಯನ್ನು ಯಾರೋ ಸರಿಸಿದಂತಾಯಿತು. ಆಯಿತು, ಇನ್ನೇನು ಬೇಕು, ಇಷ್ಟು ಸಾಕು, ಇಲ್ಲಿಗೇ ನಿಲ್ಲಲಿ ಎಂದುಕೊಂಡ.

"ಗುಂಡಮ್ಮಂಗೆ ಚಳಿ ಆಗತ್ತಂತೆ," ಎಂದಳು ಮಗಳು, ಗೊಂಬೆಯ ಬಾಯಿಗೆ ಕಿವಿ ಹಚ್ಚಿ. "ಸ್ವೆಟರ್ ಹೊಲಿದಿಲ್ವಾ ಅಂತ ಕೇಳ್ತಿದ್ದಾಳೆ."

"ಇಲ್ಲ ಪುಟ್ಟಾ. ಇನ್ನೊಂದ್ಸಲ."

"ಇನ್ನೊಂದಿದೆಯಲ್ಲ ಚೀಲದಲ್ಲಿ? ಹಳದೀದು," ಎಂದರು ಮೇಡಂ. ಪಾಪ, ಒಳ್ಳೆಯದಕ್ಕೇ ಹೇಳಿದರು.

"ಅದು ಸರಿಯಾಗಿ ಬಂದಿಲ್ಲ ಮೇಡಂ," ಎನ್ನುತ್ತ ಚೀಲವನ್ನು ತನ್ನ ಕಡೆ ಎಳೆದುಕೊಂಡ. ಆದರೆ ನಗು ಹತ್ತಿದ ಮಕ್ಕಳಿಗೆ ಅಡ್ಡ ಉಂಟೇ? ಮಗಳು ಮೇಜು ಸುತ್ತಿ ಓಡಿ ಬಂದು, ಭೇಟಿ ಶುರುವಾದ ಮೇಲೆ ಮೊದಲ ಸಲ ಅವನ ಮೈಗೆ ಮೈ ತಾಗಿಸಿ ನಿಂತು, ಚೀಲದೊಳಗೆ ಮೊಣಕೈವರೆಗೆ ತೋಳು ತೂರಿಸಿದಳು. ಆ ಪುಟ್ಟ ಮೈಯ ಬಿಸಿ ಅವನ ತೋಳಿಗೆ ತಾಗಿತು. ತಡೆಯಬೇಕಾದ ಕೈ ಮೇಲೇಳಲಿಲ್ಲ.

ಸ್ವೆಟರ್ ಹೊರಗೆ ಬಂತು.

ಮಗಳು ಅದನ್ನು ಗುಂಡಮ್ಮನ ಮೈಗೆ ಹಿಡಿದಳು. ಹಿಡಿದ ಕೈ ಅಲ್ಲೇ ನಿಂತಿತು. ಹಸಿರು ಪಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದಳು, ಒಂದು ಸಲ ಹೀಗೆ, ಒಂದು ಸಲ ಹಾಗೆ. ಅಪ್ಪನ ಹಾಗೆಯೇ ಬಟ್ಟೆ ಉಜ್ಜಿ ನೋಡುವ ಮಗು. ಅವಳ ಮುಖದಿಂದ ನಗು ಇಳಿಯುವುದನ್ನು ಅವನು ನೋಡುತ್ತ ಕೂತ.

"ಇದು ಅಮ್ಮಂದು."

ಮಗಳು ತಲೆಯೆತ್ತಿ ಅವನನ್ನು ನೋಡಿದಳು.

"ಇದನ್ನ ಮತ್ತೆ ಕತ್ತರಿಸಿದ್ಯಾ?"

ಮತ್ತೆ! ಆ ಒಂದು ಮಾತು ಅವನಿಗೆ ಕೆನ್ನೆಗೆ ಹೊಡೆದಂತೆ ಬಿತ್ತು. ಎಷ್ಟು ದಿನ ಕಣ್ಣು ಬಿಟ್ಟುಕೊಂಡು ಹೊಲಿದದ್ದು, ಎಷ್ಟು ಆಸೆಯಿಂದ ಹೊಲಿದದ್ದು! ಅವನಿಗೆ ಚೆನ್ನಾಗಿ ಗೊತ್ತಿದ್ದ ಆ ಹಾಳು ಕೋಪ ಹೊಟ್ಟೆಯಿಂದೆದ್ದು ಗಂಟಲಿಗೆ ಬಂದೇಬಿಟ್ಟಿತು.

"ನಿನಗೋಸ್ಕರ ತಾನೇ ಮಾಡಿದ್ದು!"

ತೀರ ಕೂಗಿದ್ದೇನಲ್ಲ. ಬೇರೆ ಮನೆಯಲ್ಲಾದರೆ ಅಂಥ ದನಿಗೆ ಯಾರೂ ತಿರುಗಿಯೂ ನೋಡುವುದಿಲ್ಲ. ಆದರೆ ಮೂಲೆಯಲ್ಲಿ ಮೇಡಂ ಎದ್ದು ನಿಂತರು. ಮಗಳು ಹಿಂದೆ ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿದಳು, ಅಂಗೈಯಿಂದ ಗುಂಡಮ್ಮನ ಕಣ್ಣು ಮುಚ್ಚಿದಳು.

ತನ್ನ ಕಣ್ಣನ್ನಲ್ಲ, ಗೊಂಬೆಯದನ್ನು. ಅದನ್ನು ಕಂಡು ಅವನ ಕೋಪ ಎಲ್ಲಿತ್ತೋ ಅಲ್ಲೇ ಕುಸಿಯಿತು. ಯಾರ ಮೇಲೂ ಕೈ ಮಾಡಿದವನಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದ ಮಾತು ಈಗ ನೆನಪಾಗಿ ನಾಚಿಕೆಯಾಯಿತು. ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತ, ಕೈಗಳೆರಡನ್ನೂ ತೊಡೆಯ ಮೇಲೆ ಕಾಣುವ ಹಾಗೆ ಇಟ್ಟುಕೊಂಡ.

"ಹೂಂ," ಎಂದ. "ಮತ್ತೆ ಕತ್ತರಿಸ್ದೆ. ತಪ್ಪು ಮಾಡ್ದೆ ಪುಟ್ಟಾ."

ಮಗಳು ಬಾಗಿಲಿನ ಗಾಜಿನ ಕಡೆ ನೋಡಿದಳು, ಮೇಡಂ ಕಡೆ ನೋಡಿದಳು. ಆಮೇಲೆ ಅವನಿಗೆ ಮಾತ್ರ ಕೇಳುವ ಹಾಗೆ ಪಿಸುಗುಟ್ಟಿದಳು. "ಅಮ್ಮಂಗೆ ಹೇಳಲ್ಲ. ನೋಡು, ಬಚ್ಚಿಡ್ತೀನಿ." ಸ್ವೆಟರನ್ನು ಮುದ್ದೆ ಮಾಡಿ ತನ್ನ ಫ್ರಾಕಿನ ಜೇಬಿಗೆ ತುರುಕಿದಳು. ಅದು ಉಬ್ಬಿ ಹೊರಗೆ ಬರುತ್ತಿತ್ತು, ಮತ್ತೆ ಮತ್ತೆ ಒಳಗೆ ಒತ್ತಿದಳು. "ಮೇಡಂ ಕೇಳಿದ್ರೆ ಬರ್ತೀನಿ ಅಂತಾನೂ ಹೇಳ್ತೀನಿ. ನೀನು ಕೂಗಬೇಡ. ಆಯ್ತಾ?"

ಯಾವ ಮಾತಿಗಾಗಿ ಅವನು ತಪಸ್ಸು ಮಾಡಿದ್ದನೋ ಆ ಮಾತು ಹಾಗೆ ಕೈಗೆ ಬಂತು. ಸುಮ್ಮನೆ ತಲೆಯಾಡಿಸಿದ್ದರೆ ಆಗಿಹೋಗುತ್ತಿತ್ತು. ಮೇಡಂಗೆ ಪಿಸುಮಾತು ಕೇಳಿಸಿರಲಿಲ್ಲ, ಹೆಂಡತಿ ಹೊರಗಿದ್ದಳು. ವಾರವಾರವೂ ಮಗಳು ಬರುತ್ತಿದ್ದಳು. ಬಂದು, ಎಲ್ಲಿ ಕೂಗುತ್ತಾನೋ ಎಂದು ಅವನ ಮುಖ ಕಾಯುತ್ತ ಕೂರುತ್ತಿದ್ದಳು. ನಿಜ ಹೇಳಬೇಕೆಂದರೆ, ತಲೆಯಾಡಿಸಿಬಿಡೋಣ ಎಂದು ಅವನಿಗೂ ಒಂದು ಕ್ಷಣ ಅನ್ನಿಸಿತು. ಒಂದು ಕ್ಷಣವಲ್ಲ, ಅದಕ್ಕಿಂತ ಹೆಚ್ಚೇ.

"ಬೇಡ," ಎಂದ. "ಬೇಡ ಪುಟ್ಟಾ. ಅದನ್ನಿಲ್ಲಿ ಕೊಡು."

ಮಗಳು ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅಮ್ಮ ನೋಡಿದ್ರೆ ಮತ್ತೆ ಕಳ್ಸಲ್ಲ."

"ಕಳಿಸ್ದೇ ಇರ್ಲಿ. ಕೊಡು." ಅವನು ನೆಲದ ಮೇಲೆ ಕೂತಲ್ಲಿಂದ ಕದಲಲಿಲ್ಲ, ಕೈಯನ್ನು ಮಾತ್ರ ಚಾಚಿದ. ಕೊನೆಗೆ ಮಗಳು ಅಷ್ಟು ದೂರದಿಂದಲೇ ಎಸೆದಳು. ಅದು ಅವನ ಮಂಡಿಯ ಹತ್ತಿರ ಬಿತ್ತು.

"ಮೇಡಂ, ಅವಳ ಅಮ್ಮನ್ನ ಕರೀತೀರಾ?"

ಮೇಡಂ ಅವನ ಮುಖವನ್ನು ಅಳೆಯುವಂತೆ ನೋಡಿ ಬಾಗಿಲು ತೆರೆದರು. ಹೆಂಡತಿ ಬಂದು ಹೊಸ್ತಿಲ ಒಳಗೆ ಒಂದೇ ಹೆಜ್ಜೆ ಇಟ್ಟು ನಿಂತಳು. ಮಗಳು ಓಡಿಹೋಗಿ ಅವಳ ಸೊಂಟ ತಬ್ಬಿಕೊಂಡಳು. ಅವನು ಏಳಲಿಲ್ಲ. ಕೂತಲ್ಲಿಂದಲೇ ಸ್ವೆಟರನ್ನು ಎತ್ತಿ ಹಿಡಿದ.

"ಇದು ನಿನ್ನ ಸ್ವೆಟರಿಂದ ಮಾಡಿದ್ದು. ಮಗು ಗುರುತು ಹಿಡೀತು. ನಾನು ಅವಳ ಮೇಲೆ ದನಿ ಎತ್ತಿದೆ. ಹೆದರಿಕೊಂಡು ನಿನಗೆ ಹೇಳಲ್ಲ, ಬಚ್ಚಿಡ್ತೀನಿ ಅಂದ್ಲು. ಅದಕ್ಕೇ ಕರೆದೆ."

ಹೆಂಡತಿ ಅದನ್ನು ತಗೊಂಡಳು. ಅಂಗೈಯಷ್ಟಗಲದ ಸ್ವೆಟರ್. ಒಳಗೆ ಹೊರಗೆ ತಿರುಗಿಸಿದಳು. ಅವಳ ಮೂಗಿನ ಹೊಳ್ಳೆ ಅರಳಿತು, ಕಣ್ಣು ತುಂಬಿತು. ಆದರೆ ಅಳಲಿಲ್ಲ.

"ಇನ್ನೂ ಇಟ್ಕೊಂಡಿದ್ರಾ ಇದನ್ನ?"

"ಎಸೆಯೋಕೆ ಮನಸ್ಸಾಗ್ಲಿಲ್ಲ. ಬಟ್ಟೆ ಚೆನ್ನಾಗಿತ್ತು."

"ಬಟ್ಟೆ," ಎಂದಳು ಹೆಂಡತಿ. "ನಾನು ಹಾಕ್ಕೊಳ್ತಿದ್ದ ಸ್ವೆಟರ್ ಇದು. ನಿಮಗೆ ಯಾವತ್ತೂ ಬಟ್ಟೆ ಒಂದೇ ಕಾಣೋದು."

ಅವನು ಹೌದು ಎಂದಷ್ಟೇ ತಲೆಯಾಡಿಸಿ, ಅಮ್ಮನ ಸೊಂಟದ ಹಿಂದಿನಿಂದ ಇಣುಕುತ್ತಿದ್ದ ಮಗಳನ್ನು ನೋಡಿದ.

"ಅಮ್ಮಂಗೆ ಗೊತ್ತಾಯ್ತು ಪುಟ್ಟಾ. ಇನ್ನು ಬಚ್ಚಿಡೋದೇನೂ ಇಲ್ಲ. ಮೇಡಂ ಕೇಳ್ತಾರಲ್ಲ, ನಿನಗೆ ಹೇಗನ್ನಿಸತ್ತೋ ಹಾಗೆ ಹೇಳು. ಒಲ್ಲೆ ಅಂದ್ರೂ ನಾನು ಕೂಗಲ್ಲ."

ಮೇಡಂ ಮಗಳ ಎತ್ತರಕ್ಕೆ ಬಗ್ಗಿದರು. "ಏನಮ್ಮಾ, ಮುಂದಿನ ವಾರ ಅಪ್ಪನ್ನ ನೋಡೋಕೆ ಬರ್ತೀಯಾ? ಬೇಡ ಅಂದ್ರೂ ಯಾರೂ ಬೈಯಲ್ಲ."

ಮಗಳು ತಲೆಯೆತ್ತಿ ಅಮ್ಮನನ್ನು ನೋಡಿದಳು.

"ನನ್ನ ಮುಖ ನೋಡ್ಬೇಡ ಕಣೇ," ಎಂದಳು ಹೆಂಡತಿ. "ನೀನೇ ಹೇಳು."

ತನ್ನ ಮುಖವೂ ಏನನ್ನೂ ಬೇಡದಿರಲಿ ಎಂದು ಅವನು ನೆಲ ನೋಡುತ್ತ ಕೂತ. ಹೊರಗೆ ಯಾರೋ ಬೆಂಚು ಎಳೆದ ಸದ್ದಾಯಿತು. ಮಗಳು ಗುಂಡಮ್ಮನ ಟೋಪಿ ತೆಗೆದಳು. ಫ್ರಾಕಿನ ಬಟನ್ನು ಬಿಚ್ಚಿದಳು. ಒಂದೊಂದನ್ನೇ ಬಿಚ್ಚಿ ಮೇಜಿನ ಮೇಲಿಟ್ಟಳು.

"ನಾನು ಬರ್ತೀನಿ," ಎಂದಳು ಮಗಳು, ಬರೀ ಮೈಯ ಗೊಂಬೆಯನ್ನು ಅಮ್ಮನ ಕೈಗೆ ಕೊಡುತ್ತ. "ಗುಂಡಮ್ಮ ಬರಲ್ಲ."

"ಯಾಕಮ್ಮಾ?" ಎಂದರು ಮೇಡಂ.

"ಅವಳಿಗೆ ಅಪ್ಪ ಅಂದ್ರೆ ಭಯ."

ಅವನು ತಲೆಯೆತ್ತಿ ಗೊಂಬೆಯನ್ನು ನೋಡಿದ.

"ಸರಿ. ಅವಳಿಗೆ ಭಯ ಹೋದ್ಮೇಲೆ ಕರ್ಕೊಂಡು ಬಾ."

"ಹೋಯ್ತು ಅಂತ ನೀನು ಹೇಳೋ ಹಾಗಿಲ್ಲ," ಎಂದಳು ಮಗಳು. "ಅವಳೇ ಹೇಳ್ಬೇಕು."

"ಹೂಂ," ಎಂದ ಅವನು. "ಅವಳೇ ಹೇಳ್ಲಿ."